ಹೆಡ್ ಟೀಚರ್ ಕೇಳಿದ ಹೊರೆಕಾಣಿಕೆ

ಬೇಯಿಸಿದ ಮೊಟ್ಟೆಯ ವಾಸನೆಯನ್ನು ಪರಿಮಳ ಎಂದು ಯಾರೂ ಕರೆಯುವುದಿಲ್ಲ. ನಾನೂ ಕರೆಯುವುದಿಲ್ಲ. ಕಳೆದ ವಾರ, ಕಾನೂನು ಓದುತ್ತಲೇ ನಾನು ಕೆಲಸ ಕಲಿಯುತ್ತಿರುವ ವಕೀಲರ ಕಚೇರಿಯಲ್ಲಿ, ಜೊತೆಯ ಹುಡುಗಿಯೊಬ್ಬಳು ಮಧ್ಯಾಹ್ನ ಡಬ್ಬಿ ತೆರೆದಳು. ಬಿಸಿ ಮೊಟ್ಟೆಯ ವಾಸನೆ ಫೈಲುಗಳ ಮೇಲೆಲ್ಲ ಹರಡಿತು. ಉಳಿದವರು ಮೂಗು ಹಿಡಿದುಕೊಂಡು ಕಿಟಕಿ ತೆರೆದರು. ನನ್ನ ಕಣ್ಣೆದುರು ಮಾತ್ರ ಕುದ್ರೋಳಿಯ ನಮ್ಮ ಸರಕಾರಿ ಶಾಲೆಯ ಹೆಡ್ ಟೀಚರ್ ಬಂದು ನಿಂತರು, ಸೀರೆಯ ನೆರಿಗೆಗೆ ಅಂಟಿಕೊಂಡ ಮೊಟ್ಟೆ ಸಿಪ್ಪೆಯ ಚೂರಿನ ಸಮೇತ...

ಮೊದಲೇ ಒಂದು ಮಾತು. ಶಿಕ್ಷಕರ ಬಗ್ಗೆ ಬರೆಯುವಾಗ ಅವರನ್ನು ಮೇಣದ ಬತ್ತಿಗೆ ಹೋಲಿಸುವ ಚಾಳಿ ನಮ್ಮಲ್ಲಿ ಉಂಟು. ತಾವು ಉರಿದು ಊರಿಗೆ ಬೆಳಕಾದರು, ಇತ್ಯಾದಿ. ನನಗೆ ಅದನ್ನು ಕೇಳಿದರೆ ಸಿಟ್ಟು ಬರುತ್ತದೆ. ಒಬ್ಬ ಮನುಷ್ಯ ಉರಿದು ಮುಗಿಯುವುದನ್ನು ನಿಂತು ನೋಡಿ ಚಪ್ಪಾಳೆ ತಟ್ಟುವವರು, ಉರಿಯದ ಹಾಗೆ ಏನು ಮಾಡಬಹುದಿತ್ತು ಎಂದು ಕೇಳುವುದಿಲ್ಲ. ನಮ್ಮ ಹೆಡ್ ಟೀಚರ್ ಆ ಪ್ರಶ್ನೆಯನ್ನು ಊರಿನವರ ಮುಖಕ್ಕೇ ಕೇಳಿದವರು. ಅದಕ್ಕಾಗಿಯೇ ಅವರ ಬಗ್ಗೆ ಬರೆಯಲು ಕೂತಿದ್ದೇನೆ, ಸುಮ್ಮನೆ ಕೈಮುಗಿಯಲಿಕ್ಕಲ್ಲ.

ಒಂದರಿಂದ ಏಳರವರೆಗೆ ನಾನು ಓದಿದ್ದು ಆ ಶಾಲೆಯಲ್ಲಿ. ಅವರು ಆಗ ನಮಗೆ ಸಮಾಜ ಪಾಠ ಮಾಡುತ್ತಿದ್ದರು. ಶುಕ್ರವಾರದ ಕೊನೆಯ ಪೀರಿಯಡ್ ಚರ್ಚೆಗೆ ಮೀಸಲು. ವಿಷಯಗಳೇನೂ ಘನವಾದವಲ್ಲ, ಮೀನು ರುಚಿಯೋ ಕೋಳಿ ರುಚಿಯೋ, ಬಸ್ಸಿನ ಕಿಟಕಿ ಸೀಟು ಮಕ್ಕಳಿಗೋ ದೊಡ್ಡವರಿಗೋ, ಅಂಥವು. ಆದರೆ ನಿಯಮ ಬಹಳ ಕಠಿಣ. ಎದುರಿನವರ ವಾದವನ್ನು ಮೊದಲು ನಾವೇ ಹೇಳಬೇಕು, ಅದೂ ಅವರಿಗಿಂತ ಚೆನ್ನಾಗಿ. ಎದುರಿನವರು ‘ಹೌದು, ನಾನು ಹೇಳಲು ಹೊರಟದ್ದು ಅದನ್ನೇ’ ಎಂದು ತಲೆಯಾಡಿಸಿದ ಮೇಲೆಯೇ ಖಂಡಿಸಲು ಬಾಯಿ ತೆರೆಯಬಹುದು. ಒಮ್ಮೆ ಮೀನಿನ ಪರ ನಿಂತಿದ್ದ ನಾನು ಕೋಳಿ ಸುಕ್ಕವನ್ನು ಎಷ್ಟು ಸೊಗಸಾಗಿ ಬಣ್ಣಿಸಿದೆನೆಂದರೆ, ಖಂಡಿಸುವ ಸರದಿ ಬಂದಾಗ ನನಗೇ ಮನಸ್ಸಿರಲಿಲ್ಲ. ಸೋತದ್ದು ನೀನಲ್ಲ, ನಿನ್ನ ಬಂಗುಡೆ ಎಂದು ಅವರು ನಕ್ಕಿದ್ದರು.

ಮುಂದೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಕಪ್ಪುಗಳು ನಮ್ಮ ಮನೆಯ ಟಿವಿಯ ಪಕ್ಕದಲ್ಲಿ ಸಾಲಾಗಿ ನಿಂತದ್ದಕ್ಕೆ ಮೂಲ ಆ ಶುಕ್ರವಾರಗಳು. ಅಪ್ಪ ದುಬೈಯಿಂದ ಫೋನು ಮಾಡಿದಾಗೆಲ್ಲ, ಮನೆಯಲ್ಲಿ ಅಮ್ಮನ ಹತ್ತಿರವಾದರೂ ವಾದ ಮಾಡಬೇಡ ಎಂದು ಬೇಡಿಕೊಳ್ಳುತ್ತಿದ್ದರು.

ಎರಡನೇ ಪಿಯುಸಿಯಲ್ಲಿದ್ದಾಗ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಸರ್ಟಿಫಿಕೇಟ್ ಬೇಕಾಗಿ ಶಾಲೆಗೆ ಹೋದೆ. ಅಷ್ಟರಲ್ಲಿ ಅವರು ಹೆಡ್ ಟೀಚರ್ ಆಗಿದ್ದರು. ಬೆಳಿಗ್ಗೆ ಹನ್ನೊಂದರ ಹೊತ್ತು. ಜಗಲಿಯಲ್ಲಿ ಅವರೂ, ಒಂದರಿಂದ ಮೂರರವರೆಗಿನ ಮಕ್ಕಳನ್ನು ಒಟ್ಟಿಗೆ ನೋಡಿಕೊಳ್ಳುವ ಸಣ್ಣ ಟೀಚರೂ ಎದುರುಬದುರು ಕೂತು, ಬಿಸಿಯೂಟದ ಮೊಟ್ಟೆ ಸುಲಿಯುತ್ತಿದ್ದರು. ಅಡುಗೆಯವರಲ್ಲಿ ಒಬ್ಬಾಕೆ ರಜೆ ಇದ್ದರು. ಒಳಗೆ ಸಣ್ಣ ಮಕ್ಕಳ ಗಲಾಟೆ ಬಂದರಿನ ಮೀನು ಏಲಂ ಅನ್ನು ಮೀರಿಸುತ್ತಿತ್ತು. ಸುಲಿಯುವುದರ ನಡುವೆಯೇ ಹೆಡ್ ಟೀಚರಿಗೆ ಫೋನು ಬಂತು. ಯಾವುದೋ ಮಾಹಿತಿ ಆ ಕ್ಷಣವೇ ಆನ್‌ಲೈನಿನಲ್ಲಿ ತುಂಬಬೇಕಂತೆ. ಕೈ ಒರೆಸಿಕೊಂಡು ಎದ್ದರು. ಸಣ್ಣ ಟೀಚರಿಗೆ ಮರುದಿನದಿಂದ ಮಧ್ಯಾಹ್ನದ ಮೇಲೆ ಮನೆಮನೆ ಸರ್ವೆ. ಎರಡು ಹುದ್ದೆ ಖಾಲಿ. ಇದ್ದ ಮೂವರು ಟೀಚರುಗಳು ಪಾಠವೊಂದನ್ನು ಬಿಟ್ಟು ಉಳಿದೆಲ್ಲ ಕೆಲಸ ಮಾಡುತ್ತಿದ್ದರು.

ನನ್ನ ಸರ್ಟಿಫಿಕೇಟಿಗೆ ಸಹಿ ಹಾಕುತ್ತ, ಆದಿತ್ಯವಾರ ಪೋಷಕರ ಮೀಟಿಂಗ್ ಉಂಟು, ಬಾ ಎಂದರು. ಹಳೆ ವಿದ್ಯಾರ್ಥಿನಿ ಅಂತ ಭಾಷಣ ಮಾಡಬೇಕಾ ಎಂದು ಕೇಳಿದೆ. ಭಾಷಣ ಬೇಡ, ನನ್ನನ್ನು ವಿರೋಧಿಸಲಿಕ್ಕೆ ಒಬ್ಬರು ಬೇಕು ಎಂದರು. ತಮಾಷೆ ಎಂದುಕೊಂಡೆ.

ಆ ಮೀಟಿಂಗಿನಲ್ಲಿ ಶಾಲೆಯ ಹಣೆಬರಹವೇ ನಿರ್ಧಾರವಾಗುವುದಿತ್ತು ಎಂಬುದು ಗೊತ್ತಾದದ್ದು ಅಲ್ಲಿ ಹೋಗಿ ಕೂತ ಮೇಲೆ. ಒಂದನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ಎದ್ದು ನಿಂತರು; ಮಗಳು ಕರೆಯುವಂತೆ ನಮಗೂ ಅವರು ಉಮ್ಮ. ಅವರ ಹಿಂದೆ ಇನ್ನೂ ಐದಾರು ತಾಯಂದಿರು. ಎಲ್ಲರೂ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ವಿಚಾರಿಸಿ ಬಂದಿದ್ದರು. ಅಷ್ಟು ಮಕ್ಕಳು ಹೋದರೆ ಒಂದನೇ ಕ್ಲಾಸೇ ಇರುವುದಿಲ್ಲ. ಒಂದನೇ ಕ್ಲಾಸಿಲ್ಲದ ಶಾಲೆಯನ್ನು ಪಕ್ಕದ ಶಾಲೆಗೆ ಸೇರಿಸಿ ಬೀಗ ಹಾಕಲು ಎಷ್ಟು ಹೊತ್ತು ಬೇಕು?

“ಜಗಳಕ್ಕೆ ಬಂದದ್ದಲ್ಲ ಟೀಚರ್,” ಎಂದರು ಉಮ್ಮ. “ನೀವೆಲ್ಲ ಒಳ್ಳೆಯವರು. ಆದರೆ ನಿಮ್ಮಲ್ಲಿ ಯಾರಾದ್ರೂ ಒಬ್ಬರು ಕ್ಲಾಸಿನ ಒಳಗೆ ಇರುವುದು ಯಾವಾಗ? ನನ್ನ ಮಗಳಿಗೆ ಇನ್ನೂ ಅಕ್ಷರ ಬರುವುದಿಲ್ಲ. ಟಿಸಿ ಕೊಡಿ.”

ಯಾರೂ ಉತ್ತರ ಕೊಡುವ ಮೊದಲೇ ಮುಂದಿನ ಸಾಲಿನ ಹೋಟೆಲ್ ಧಣಿಗಳು ಎದ್ದರು. ಅವರೂ ಅದೇ ಶಾಲೆಯಲ್ಲಿ ಓದಿದವರು, ಈಗ ಊರಿನಲ್ಲಿ ಎರಡು ಹೋಟೆಲಿನ ಯಜಮಾನರು, ಎಲ್ಲಿ ಯಾವ ಒಳ್ಳೆಯ ಕೆಲಸವಿದ್ದರೂ ಮುಂದೆ ನಿಲ್ಲುವವರು. ಅವರ ಪ್ರಕಾರ ಸಮಸ್ಯೆ ಇದ್ದದ್ದು ಗೇಟಿನಲ್ಲಿ. ತುಕ್ಕು ಹಿಡಿದ ಗೇಟು ನೋಡಿದರೆ ಯಾರು ತಾನೇ ಮಕ್ಕಳನ್ನು ಕಳಿಸುತ್ತಾರೆ? ದೊಡ್ಡ ಕಮಾನು ಕಟ್ಟಿಸುತ್ತೇನೆ, ಆಚೆ ಈಚೆ ಎರಡು ಆನೆ ನಿಲ್ಲಿಸುತ್ತೇನೆ ಎಂದರು. ಜನ ಚಪ್ಪಾಳೆ ತಟ್ಟಿದರು. ನಮ್ಮ ಕರಾವಳಿಯ ಶಾಲೆಗಳಿಗೆ ದಾನಿಗಳ ಕೊರತೆ ಇಲ್ಲ; ಆದರೆ ದಾನವೆಲ್ಲ ಹೆಸರು ಕೆತ್ತಲು ಬರುವಷ್ಟು ಗಟ್ಟಿ ವಸ್ತುಗಳಿಗೇ ಹೋಗುತ್ತದೆ. ಟೀಚರಿನ ಬಿಡುವಿನ ಮೇಲೆ ಹೆಸರು ಕೆತ್ತುವುದು ಹೇಗೆ?

ಹೆಡ್ ಟೀಚರ್ ನಿಧಾನವಾಗಿ ಎದ್ದರು. ಧಣಿಗಳ ವಾದವನ್ನು ಧಣಿಗಳಿಗಿಂತ ಚೆನ್ನಾಗಿ ಹೇಳಿದರು. ಬಡವರ ಮಕ್ಕಳು ಅಂದಗೆಟ್ಟ ಗೇಟಿನೊಳಗೇ ಯಾಕೆ ಹೋಗಬೇಕು, ಗೇಟು ಚೆಂದ ಇದ್ದರೆ ಮಕ್ಕಳಿಗೂ ತಮ್ಮ ಶಾಲೆ ಎಂಬ ಹೆಮ್ಮೆ ಇರುತ್ತದೆ, ಧಣಿಗಳಿಗೆ ಆ ನೋವು ಗೊತ್ತು, ಯಾಕೆಂದರೆ ಅವರು ಈ ಗೇಟಿನೊಳಗೇ ಬೆಳೆದವರು... ಧಣಿಗಳ ಕಣ್ಣು ಒದ್ದೆಯಾದ ಹಾಗಿತ್ತು. ತಲೆಯಾಡಿಸಿದರು. ಆ ನಿಯಮ ಗೊತ್ತಿದ್ದ ನಾನು, ಮುಂದೆ ಏನು ಬರುತ್ತದೆಂದು ಕಾದು ಕೂತೆ.

“ಆದರೆ ಧಣಿಗಳೇ, ಆನೆ ಅಕ್ಷರ ಕಲಿಸುವುದಿಲ್ಲ ಅಲ್ವ?”

ಧಣಿಗಳೇ ಮೊದಲು ನಕ್ಕರು. ಆಮೇಲೆ ಹೆಡ್ ಟೀಚರ್ ತಮಗೆ ಬೇಕಾದದ್ದೇನೆಂದು ಹೇಳಿದರು. ದೇವಸ್ಥಾನದ ಬ್ರಹ್ಮಕಲಶಕ್ಕೆ ಊರಿಂದ ಊರಿಗೆ ಹೊರೆಕಾಣಿಕೆ ಹೋಗುತ್ತದೆ; ಅಕ್ಕಿ, ತೆಂಗಿನಕಾಯಿ, ತರಕಾರಿ ಲಾರಿ ತುಂಬ ಹೊತ್ತುಕೊಂಡು ಜಾತಿ ಮತ ನೋಡದೆ ಜನ ಬರುತ್ತಾರೆ. ಶಾಲೆಗೂ ಹಾಗೆಯೇ ಒಂದು ಹೊರೆಕಾಣಿಕೆ ಬೇಕು. ಆದರೆ ವಸ್ತು ಬೇಡ, ಹೊತ್ತು ಬೇಕು. ಪ್ರತಿಯೊಬ್ಬರೂ ವಾರಕ್ಕೆ ಒಂದು ಗಂಟೆ ತನ್ನಿ. ಮೊಟ್ಟೆ ಸುಲಿಯುವುದು, ಫೋನಿಗೆ ಉತ್ತರ ಕೊಡುವುದು, ಆನ್‌ಲೈನ್ ತುಂಬಿಸುವುದು, ಬಿದ್ದ ಮಗುವಿನ ಮೊಣಕಾಲಿಗೆ ಮದ್ದು ಹಚ್ಚುವುದು ಎಲ್ಲ ನೀವು ನೋಡಿಕೊಳ್ಳಿ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಯಾವ ಟೀಚರನ್ನೂ ಯಾವ ಕಾರಣಕ್ಕೂ ಕ್ಲಾಸಿನಿಂದ ಹೊರಗೆ ಕರೆಯಬೇಡಿ. ನನ್ನನ್ನೂ.

ಜನ ಒಪ್ಪುವ ಲಕ್ಷಣ ಕಂಡಿತು. ಆಗ ನಾನು ಎದ್ದೆ. ಕರೆದದ್ದೇ ಅದಕ್ಕಲ್ಲವೇ?

ನನ್ನ ವಾದ ನೇರವಾಗಿತ್ತು. ಎರಡು ಹುದ್ದೆ ಖಾಲಿ ಇಟ್ಟದ್ದು ಸರಕಾರ, ತುಂಬಬೇಕಾದದ್ದೂ ಸರಕಾರ. ನಾವು ಪುಕ್ಕಟೆಯಾಗಿ ಬಂದು ದುಡಿದರೆ, ಮೇಲೆ ಕೂತವರು ‘ಹೇಗೂ ನಡೀತಾ ಉಂಟಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ಇದು ಶಾಲೆಗೆ ಸಲ್ಲುವ ಕಾಣಿಕೆಯಲ್ಲ, ಅವರ ಸೋಮಾರಿತನಕ್ಕೆ ಸಲ್ಲುವ ಕಾಣಿಕೆ ಎಂದೆ. ಈ ಕೊನೆಯ ಮಾತಿಗೆ ನನಗೂ ಚಪ್ಪಾಳೆ ಬಂತು. ಆನೆಗೆ ಬಿದ್ದಷ್ಟಲ್ಲ, ಆದರೂ ಬಂತು.

ಹೆಡ್ ಟೀಚರ್ ನನ್ನ ವಾದವನ್ನು ಎತ್ತಿಕೊಂಡರು. ಪುಕ್ಕಟೆ ದುಡಿಯಲು ಬರುವವರು ಹೆಚ್ಚಾಗಿ ಹೆಂಗಸರೇ ಆಗಿರುತ್ತಾರೆ, ಅವರಿಗೆ ಮನೆಯಲ್ಲಿ ಆಗಲೇ ಸಾಕಷ್ಟು ಪುಕ್ಕಟೆ ದುಡಿಮೆ ಇದೆ. ದೊಡ್ಡ ಶಾಲೆಗಳಲ್ಲಿ ಪೋಷಕರು ಬಂದು ಮೊಟ್ಟೆ ಸುಲಿಯುವುದಿಲ್ಲ, ಬಡವರಿಗೆ ಮಾತ್ರ ಈ ಶಿಕ್ಷೆ ಯಾಕೆ ಎಂದೂ ಇವಳು ಕೇಳಬಹುದಿತ್ತು ಎಂದರು. ಅದು ನನಗೆ ಹೊಳೆದೇ ಇರಲಿಲ್ಲ. ಇಷ್ಟೇ ಅಲ್ವ ನೀನು ಹೇಳುವುದು ಎಂದು ಕೇಳಿದರು. ತಲೆಯಾಡಿಸಬೇಕಾಯಿತು.

“ಎಲ್ಲ ಸರಿ. ಸರಕಾರದ ಹತ್ರ ಜಗಳ ನೀನು ಮಾಡು, ಬಿಡಬೇಡ. ಆದರೆ ಮಗ, ಇವರ ಮಗಳು ಒಂದನೇ ಕ್ಲಾಸಲ್ಲಿ ಇರುವುದು ಈ ವರ್ಷ ಮಾತ್ರ. ಸರಕಾರ ಬರುವವರೆಗೆ ಅವಳಿಗೆ ಬೆಳೀಬೇಡ ಅಂತ ಹೇಳಲಿಕ್ಕೆ ಆಗ್ತದಾ?”

ಎಷ್ಟೋ ವೇದಿಕೆಗಳಲ್ಲಿ ಎಷ್ಟೋ ಮಂದಿಗೆ ಉತ್ತರ ಕೊಟ್ಟಿದ್ದೇನೆ. ಅಲ್ಲಿ ಮಾತ್ರ, ನನ್ನ ಒಂದು ಗಂಟೆಯನ್ನೂ ಬರೆದುಕೊಳ್ಳಿ ಎಂದು ಹೇಳಿ ಕೂತೆ.

ಉಮ್ಮ ಟಿಸಿಯ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ದಸರಾ ರಜೆಯವರೆಗೆ ನೋಡುತ್ತೇನೆ, ಆಗಲೂ ಮಗಳಿಗೆ ಓದಲು ಬಾರದಿದ್ದರೆ ಹೋಗುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿ ಕೂತರು. ಧಣಿಗಳು ತಮ್ಮ ಹೋಟೆಲಿನಿಂದ ಮೊಟ್ಟೆ ಸುಲಿಯಲು ಇಬ್ಬರನ್ನು ಕಳಿಸುವುದಾಗಿ ಹೇಳಿದರು. ಹೆಡ್ ಟೀಚರ್ ಒಪ್ಪಲಿಲ್ಲ. ಅವರು ಬೇಡ, ನೀವೇ ಬನ್ನಿ, ನೀವು ಬಂದದ್ದು ಗೊತ್ತಾದರೆ ಇಡೀ ಕುದ್ರೋಳಿ ಬರ್ತದೆ ಎಂದರು. ಧಣಿಗಳು ತುಳುವಿನಲ್ಲಿ “ಆವು ಟೀಚರ್” ಎಂದು ಒಪ್ಪಿಕೊಂಡರು.

ಇನ್ನು ಸೋಮವಾರದ ಕತೆ. ಅದನ್ನು ನೆನೆದರೆ ಈಗಲೂ ನಗು ಬರುತ್ತದೆ...

ಹೊರೆಕಾಣಿಕೆಗೆ ಬರಿಗೈಯಲ್ಲಿ ಹೋಗುವುದು ನಮ್ಮ ಜನಕ್ಕೆ ಗೊತ್ತೇ ಇಲ್ಲ. ವಸ್ತು ಬೇಡ ಎಂದದ್ದನ್ನು ಎಲ್ಲರೂ ಕೇಳಿಸಿಕೊಂಡಿದ್ದರು. ಆದರೆ ಪ್ರತಿಯೊಬ್ಬರೂ, ಉಳಿದವರು ತರುವಾಗ ನಾನು ಮಾತ್ರ ಖಾಲಿ ಕೈಯಲ್ಲಿ ಹೋದರೆ ಹೇಗೆ ಎಂದು ಯೋಚಿಸಿದ್ದರು. ಒಂಬತ್ತೂವರೆಗೆ ಗೇಟಿನೆದುರು ರಿಕ್ಷಾಗಳ ಸಾಲು. ತೆಂಗಿನಕಾಯಿ ಗೋಣಿ, ಸೌತೆಕಾಯಿ, ಕುಂಬಳಕಾಯಿ, ಬಾಳೆಗೊನೆ. ಒಬ್ಬರು ದೇವರಿಗೆ ಏರಿಸುವ ಅಡಿಕೆ ಹೂವಿನ ಹಿಂಗಾರವನ್ನೂ ತಂದಿದ್ದರು. ಶಾಲೆಯಲ್ಲಿ ಹಿಂಗಾರ ಯಾರಿಗೆ ಏರಿಸುವುದೆಂದು ನಾನು ಕೇಳಲು ಹೋಗಲಿಲ್ಲ. ಎಲ್ಲವನ್ನೂ ಜಗಲಿಯಲ್ಲಿ ಚೆಂದಕ್ಕೆ ಜೋಡಿಸಿ, ಕೈಮುಗಿದು, ಜನ ಹೊರಡಲು ಅಣಿಯಾದರು. ಹೊತ್ತು ಕೊಡುವ ಮಾತು ಯಾರ ಬಾಯಿಯಿಂದಲೂ ಬರಲಿಲ್ಲ. ನೋಡಿ, ನಾನು ಹೇಳಿರಲಿಲ್ಲವೇ ಎಂಬ ಮುಖ ಮಾಡಿಕೊಂಡು ನಾನು ಹೆಡ್ ಟೀಚರನ್ನು ನೋಡಿದೆ.

ಅವರಿಗೆ ಸಿಟ್ಟು ಬರಲಿಲ್ಲ, ಬೇಸರವೂ ಆಗಲಿಲ್ಲ. ಗೇಟಿನ ಹತ್ತಿರ ಹೋಗಿ ನಿಂತು, ಹೊರೆಕಾಣಿಕೆ ಹೊತ್ತು ತಂದವರು ಹೆಚ್ಚಿಕೊಡದೆ ಹೋಗುವ ಕ್ರಮ ಯಾವ ಊರಲ್ಲಿ ಉಂಟು ಎಂದು ಬಹಳ ಸಹಜವಾಗಿ ಕೇಳಿದರು. ನಿಜವೇ. ಬ್ರಹ್ಮಕಲಶದ ಪಾಕಶಾಲೆಯಲ್ಲಿ ತರಕಾರಿ ಹೆಚ್ಚಲು ಕೂರುವುದು ಎಲ್ಲರಿಗೂ ಅಭ್ಯಾಸ. ಜನ ಮುಖ ಮುಖ ನೋಡಿಕೊಂಡು, ಚಪ್ಪಲಿ ಬಿಟ್ಟು, ಜಗಲಿಯಲ್ಲಿ ಕೂತರು. ಯಾರೋ ಮನೆಯಿಂದ ಮೆಟ್ಟುಕತ್ತಿ ತಂದರು. ಧಣಿಗಳು ಬಿಳಿ ಪಂಚೆ ಎತ್ತಿ ಕಟ್ಟಿ ಮೊಟ್ಟೆಯ ಪಾತ್ರೆಯ ಎದುರು ಕುಕ್ಕರುಗಾಲಲ್ಲಿ ಕೂತು, ಅರ್ಧದಷ್ಟು ಮೊಟ್ಟೆಗಳನ್ನು ಬಿಳಿಭಾಗದ ಸಮೇತ ಸುಲಿದುಹಾಕಿದರು. ಹೋಟೆಲಿನವರಿಗೆ ಇದೂ ಬರುವುದಿಲ್ಲವಾ ಎಂದು ಹೆಂಗಸರು ಛೇಡಿಸಿದರು. ನಾನು ದುಡ್ಡಿನ ಗಲ್ಲಾದಲ್ಲಿ ಕೂರುವವ ಮಾರಾಯ್ತಿ ಎಂದು ಅವರು ಗೊಣಗಿದರು.

ಅಷ್ಟರಲ್ಲಿ ಯಾರೋ ಶ್ ಎಂದರು. ಎಲ್ಲರ ಕೈ ನಿಂತಿತು. ಒಳಗೆ ಸಣ್ಣ ಟೀಚರ್ ಪಾಠ ಮಾಡುತ್ತಿದ್ದರು. ಒಮ್ಮೆಯೂ ಹೊರಗೆ ಬಾರದೆ, ಒಂದೇ ಸಮ... ಮಕ್ಕಳ ಗಲಾಟೆ ಇರಲಿಲ್ಲ. ಒಂದೊಂದೇ ಮಗು ಎದ್ದು ಓದುವ ದನಿ ಕೇಳುತ್ತಿತ್ತು. ಉಮ್ಮ ಸೌತೆಕಾಯಿ ಹಿಡಿದ ಕೈಯನ್ನು ಹಾಗೆಯೇ ಎತ್ತಿಕೊಂಡು, ತನ್ನ ಮಗಳ ದನಿ ಬರುತ್ತದೋ ಎಂದು ಕಿವಿಗೊಟ್ಟು ಕೂತಿದ್ದರು.

ಹೀಗೆ ಶುರುವಾಯಿತು. ಎಲ್ಲವೂ ಸಲೀಸಾಗಿ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಎರಡು ವಾರ ಬಂದು ಮಾಯವಾದರು. ಹೆಂಗಸರೇ ಹೆಚ್ಚು ಬಂದರು, ಆ ಮಾತು ನಿಜವೇ ಆಯಿತು. ನನಗೆ ಸಿಕ್ಕಿದ ಕೆಲಸ, ವಾರಕ್ಕೊಮ್ಮೆ ಕಾಲೇಜಿಗೆ ತಡವಾಗಿ ಹೋಗಿ, ಕಂಪ್ಯೂಟರಿನ ಮುಂದೆ ಕೂತು ಆನ್‌ಲೈನ್ ತುಂಬಿಸುವುದು. ಚರ್ಚಾಪಟುವನ್ನು ಮಾತೇ ಆಡದ ಯಂತ್ರದ ಎದುರು ಕೂರಿಸಿದ್ದು ಬೇಕೆಂದೇ ಎಂಬುದು ನನ್ನ ಅನುಮಾನ. ಜೊತೆಗೆ ಖಾಲಿ ಹುದ್ದೆಗಾಗಿ ಅರ್ಜಿ ಬರೆಯುವುದನ್ನೂ ಬಿಡಲಿಲ್ಲ. ಒಂದು ಅರ್ಜಿಯೂ ಹೆಡ್ ಟೀಚರ್ ಖಂಡನೆ ದಾಟದೆ ಕಚೇರಿಗೆ ಹೋಗುತ್ತಿರಲಿಲ್ಲ. ಇದಕ್ಕೆ ಆಫೀಸರು ಏನು ಉತ್ತರ ಕೊಡ್ತಾರೆ, ಅದನ್ನು ಮೊದಲು ಹೇಳು ಎನ್ನುತ್ತಿದ್ದರು.

ಜಗಲಿಯ ಕಾವಲು ಉಮ್ಮನದಾಯಿತು. ಒಂದು ದಿನ ಹತ್ತೂವರೆಗೆ ಇಲಾಖೆಯ ಅಧಿಕಾರಿಯೊಬ್ಬರು ಹೇಳದೆ ಕೇಳದೆ ಬಂದರು. ಸಣ್ಣ ಟೀಚರನ್ನು ಕರೆಯಿರಿ ಎಂದರು. ಉಮ್ಮ ಕುರ್ಚಿ ಎಳೆದು ಕೊಟ್ಟು, ಟೀಚರ್ ಕ್ಲಾಸಲ್ಲಿ ಉಂಟು, ಹನ್ನೆರಡಕ್ಕೆ ಸಿಗ್ತಾರೆ, ಅಷ್ಟರವರೆಗೆ ಚಾ ಕುಡಿಯಿರಿ ಎಂದರು. ತಾನು ಯಾರೆಂದು ಗೊತ್ತಾ ಎಂದು ಅಧಿಕಾರಿ ಕೇಳಿದರು.

“ಗೊತ್ತುಂಟು ಸರ್. ಅದಕ್ಕೇ ಚಾ.”

ಕಂಪ್ಯೂಟರಿನ ಹಿಂದೆ ಕೂತಿದ್ದ ನಾನು ತಲೆ ಎತ್ತಿ ನೋಡಿದೆ. ಅಧಿಕಾರಿ ಹೆಡ್ ಟೀಚರನ್ನು ಹುಡುಕಿದರು. ಅವರೂ ಏಳನೇ ಕ್ಲಾಸಿನ ಒಳಗಿದ್ದರು, ಬಾಗಿಲಿನ ಕಡೆ ತಿರುಗಿಯೂ ನೋಡಲಿಲ್ಲ. ಆ ಮನುಷ್ಯ ಕೊನೆಗೆ ಕೂತರು. ಚಾ ಕುಡಿದರು. ಒಂದನೇ ಕ್ಲಾಸಿನ ಕಿಟಕಿಯ ಹೊರಗೆ ಬಹಳ ಹೊತ್ತು ನಿಂತರು. ಬೇಕಾದ ಮಾಹಿತಿಯನ್ನು ನನ್ನಿಂದಲೇ ಪಡೆದು, ಹೋಗುವಾಗ ಖಾಲಿ ಹುದ್ದೆಯ ಅರ್ಜಿಯ ಪ್ರತಿಯನ್ನು ತಾವಾಗಿಯೇ ಕೇಳಿ ತೆಗೆದುಕೊಂಡು ಹೋದರು. ಮುಂದಿನ ಜೂನಿನಲ್ಲಿ ಒಂದು ಹುದ್ದೆಗೆ ಟೀಚರ್ ಬಂದರು. ಅದು ನನ್ನ ಅರ್ಜಿಯ ಬಲ ಎಂಬುದು ನನ್ನ ವಾದ, ಉಮ್ಮನ ಚಾದ ಬಲ ಎಂಬುದು ಹೆಡ್ ಟೀಚರ್ ವಾದ. ಅದು ಇತ್ಯರ್ಥವಾಗಲೇ ಇಲ್ಲ...

ದಸರಾ ರಜೆಯ ಮುಂಚಿನ ಕೊನೆಯ ದಿನ ಉಮ್ಮ ಟಿಸಿಯ ಸುದ್ದಿ ಎತ್ತುತ್ತಾರೋ ಎಂದು ನಾವೆಲ್ಲ ಕಾಯುತ್ತಿದ್ದೆವು. ಅವರು ದೂರು ತಂದರು. ಮಗಳನ್ನು ಕರೆದುಕೊಂಡು ಪೇಟೆಗೆ ಹೋಗುವ ಹಾಗೇ ಇಲ್ಲ, ದಾರಿಯಲ್ಲಿ ಕಂಡ ಬೋರ್ಡುಗಳನ್ನೆಲ್ಲ ನಿಂತು ಓದುತ್ತಾಳೆ, ಒಂದು ಮುಗಿಯದೆ ಹೆಜ್ಜೆ ಎತ್ತುವುದಿಲ್ಲ, ಬಂದರಿಗೆ ಹೋಗುವಷ್ಟರಲ್ಲಿ ಒಳ್ಳೆಯ ಮೀನೆಲ್ಲ ಖರ್ಚಾಗಿರುತ್ತದೆ ಎಂದರು. ಹೇಳುವಾಗ ಅವರ ಮುಖ ನೋಡಬೇಕಿತ್ತು. ಸಣ್ಣ ಟೀಚರ್ ಅಳಲು ಶುರುಮಾಡಿದರು. ಹೆಡ್ ಟೀಚರ್ ಅವರ ಬೆನ್ನ ಮೇಲೆ ಕೈಯಿಟ್ಟು, ಊರಿಗೆಲ್ಲ ಕೇಳುವಂತೆ, ಇದು ಇವರ ಕೆಲಸ, ನಾವು ಮಾಡಿದ್ದು ಇವರ ದಾರಿಯಿಂದ ಪಕ್ಕಕ್ಕೆ ಸರಿದದ್ದು ಅಷ್ಟೇ ಎಂದರು. ಒಂದು ಮಗುವೂ ಶಾಲೆ ಬಿಡಲಿಲ್ಲ.

ಎರಡು ವರ್ಷದ ಬಳಿಕ ಹೆಡ್ ಟೀಚರ್ ನಿವೃತ್ತರಾಗಿ ದೇರೆಬೈಲಿನ ಮನೆಯಲ್ಲಿದ್ದರು. ನನ್ನ ವಾದಗಳನ್ನು ಹೊತ್ತುಕೊಂಡು ಆಗಾಗ ಹೋಗುತ್ತಿದ್ದೆ. ಆಮೇಲೆ ಕಾಯಿಲೆ ಬಂದು, ಅದು ಜೋರಾದ ಮೇಲೂ ಅವರು ನನ್ನನ್ನು ಸುಲಭಕ್ಕೆ ಗೆಲ್ಲಲು ಬಿಡಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ, ನಾನು ಶಾಲೆಯಲ್ಲಿ ನನ್ನ ಗಂಟೆಗೆ ಕೂತಿದ್ದಾಗ, ಅವರ ಮಗನ ಫೋನು ಬಂತು. ಟೀಚರ್ ಹೋದರು. ಸಂಸ್ಕಾರ ಮೂರು ಗಂಟೆಗೆ.

ಆಗ ಸಮಯ ಹತ್ತೂಕಾಲು. ಉಮ್ಮನಿಗೆ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಹನ್ನೆರಡಾದ ಮೇಲೆ ಒಳಗೆ ತಿಳಿಸುವ ಎಂದರು. ನಾನು ಒಪ್ಪಲಿಲ್ಲ. ಸಣ್ಣ ಟೀಚರಿಗೆ ಈಗಲೇ ತಿಳಿಯುವ ಹಕ್ಕಿದೆ, ಶಾಲೆಗೆ ರಜೆ ಕೊಡಬೇಕು, ಇಂಥ ದಿನವೂ ನಿಯಮವಾ ಎಂದು ಅಳುತ್ತಲೇ ವಾದ ಮಾಡಿದೆ. ಉಮ್ಮ ನನ್ನ ಕೈ ಹಿಡಿದುಕೊಂಡರು.

“ಆ ಟೀಚರೇ ಇಲ್ಲಿ ಕೂತಿದ್ರೆ ಎಂತ ಹೇಳ್ತಿದ್ರು? ನೀನೇ ಹೇಳು ನೋಡುವ.”

ಹೇಳಲು ಹೊರಟೆ. ಅವರ ಪರವಾಗಿ, ಅವರಿಗಿಂತ ಚೆನ್ನಾಗಿ ಹೇಳಬೇಕೆಂದು ಬಾಯಿ ತೆರೆದೆ... ಮುಗಿಸುವ ಅಗತ್ಯ ಬೀಳಲಿಲ್ಲ. ನಾವಿಬ್ಬರೂ ಜಗಲಿಯಲ್ಲಿ ಪಕ್ಕಪಕ್ಕ ಕೂತೆವು. ಒಳಗೆ ಹೊಸ ಒಂದನೇ ಕ್ಲಾಸಿನ ಮಕ್ಕಳು ಓದುತ್ತಿದ್ದರು, ತಪ್ಪುತ್ತ, ತಿದ್ದಿಸಿಕೊಳ್ಳುತ್ತ, ಮತ್ತೆ ಓದುತ್ತ. ಯಾರೂ ಬಾಗಿಲು ತಟ್ಟಲಿಲ್ಲ. ಹನ್ನೆರಡರ ಬೆಲ್ಲಿಗೆ ಸಣ್ಣ ಟೀಚರ್ ಸೀಮೆಸುಣ್ಣದ ಕೈಯಲ್ಲಿ ಹೊರಗೆ ಬಂದು, ನಮ್ಮ ಮುಖ ನೋಡಿ, ಯಾವಾಗ ಎಂದಷ್ಟೇ ಕೇಳಿದರು. ಬೆಳಿಗ್ಗೆ ಎಂದೆವು. ಅವರು ಒಮ್ಮೆ ಕ್ಲಾಸಿನ ಕಡೆ ತಿರುಗಿ ನೋಡಿ, ಈಗ ಹೇಳಿದ್ದು ಒಳ್ಳೆಯದಾಯಿತು ಎಂದರು.

ಈ ವರ್ಷ ಒಂದನೇ ಕ್ಲಾಸಿಗೆ ಬೆಂಚು ಸಾಲದೆ ಪಕ್ಕದ ಕೋಣೆಯಿಂದ ತರಿಸಬೇಕಾಯಿತು. ಇನ್ನೊಂದು ಹುದ್ದೆ ಮಾತ್ರ ಇನ್ನೂ ಖಾಲಿ. ಮೊನ್ನೆ ಅರ್ಜಿ ಹಿಡಿದುಕೊಂಡು ಕಚೇರಿಗೆ ಹೋಗಿದ್ದೆ. ಮೇಜಿನಾಚೆ ಇದ್ದವರು ಅದನ್ನು ಪೂರ್ತಿ ಓದಿ, ನಿಮ್ಮ ಶಾಲೆಯ ಬಗ್ಗೆ ಒಳ್ಳೆಯ ಮಾತು ಕೇಳಿದ್ದೇನೆ, ಹೇಗೂ ನಡೀತಾ ಉಂಟಲ್ಲ ಎಂದರು.

ಅಂದು ಮೀಟಿಂಗಿನಲ್ಲಿ ನಾನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಹೆಡ್ ಟೀಚರ್ ಎದುರು ನನ್ನ ವಾದ ಗೆದ್ದದ್ದು ಅದೊಂದೇ ಸಲವಿರಬೇಕು. ಮೆಟ್ಟಿಲಿಳಿದು ಬಂದರೆ ದೇರೆಬೈಲಿನ ಬಸ್ಸು ಎದುರಿಗೇ ನಿಂತಿತ್ತು. ಹತ್ತಲಿಲ್ಲ. ಅಲ್ಲಿ ಈಗ ನನಗೆ ಎದುರಾಡುವವರು ಯಾರೂ ಇಲ್ಲ. ಶಾಲೆಯಲ್ಲಿ ನನ್ನ ಗಂಟೆಗೆ ಸ್ವಲ್ಪವೇ ಹೊತ್ತಿತ್ತು. ಕುದ್ರೋಳಿಯ ಕಡೆ ಬೇಗ ಬೇಗ ನಡೆದೆ.